ಶಾಸನ ಸಂಪುಟವನ್ನು ಕಂಪ್ಯೂಟರ್‌ನಲ್ಲಿ ಹುಡುಕುವಂತೆ ಮಾಡುವುದು ಹೇಗೆ: ಕನ್ನಡ, ಇತಿಹಾಸ ಅಧ್ಯಾಪಕರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಕನ್ನಡ, ಇತಿಹಾಸ ಕಲಿಸುವ ಮೇಷ್ಟ್ರು, ಮೇಡಂಗಳು ಹೇಳುವ ಕಷ್ಟ ಹೆಚ್ಚುಕಮ್ಮಿ ಒಂದೇ. ಪುಸ್ತಕ ಸ್ಕ್ಯಾನ್ ಆಯಿತು, ಓಸಿಆರ್ (ಪುಟದ ಚಿತ್ರವನ್ನು ಅಕ್ಷರಕ್ಕೆ ಇಳಿಸುವುದು) ಆಯಿತು, ಕಾರ್ಯಾಗಾರದಲ್ಲಿ ತೋರಿಸಿದ ಸಾಫ್ಟ್‌ವೇರ್‌ಗೆ ಹಾಕಿದ್ದೂ ಆಯಿತು. ಕೊನೆಗೆ ಬಂದದ್ದು ತಲೆಬುಡ ತಿಳಿಯದ ಪಟ್ಟಿ. ಕೆಲಸ ಅಲ್ಲಿಗೇ ನಿಂತಿತು.

ಇದರಲ್ಲಿ ಸಾಫ್ಟ್‌ವೇರ್‌ನ ತಪ್ಪು ತೀರಾ ಕಡಿಮೆ. ಅದಕ್ಕೆ ಕೊಟ್ಟ ಪಠ್ಯವೇ ಸರಿ ಇರುವುದಿಲ್ಲ. ಹಾಗಾಗಿ ಇಲ್ಲಿ 4, 5 ಮತ್ತು 6ನೇ ಹಂತಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಎಷ್ಟೇ ಆತುರವಿದ್ದರೂ ಆ ಮೂರನ್ನು ಹಾರಿಸಬೇಡಿ.

ಉದಾಹರಣೆಗೆ ಉದ್ದಕ್ಕೂ ಒಂದೇ ಪುಸ್ತಕ ಇಟ್ಟುಕೊಳ್ಳೋಣ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಮಾಲೆಯ 11ನೇ ಸಂಪುಟ, ಅಂದರೆ ಆಗಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳು. ನಿಮ್ಮದು ಹಳೆಯ ಪತ್ರಿಕೆಯಾಗಲಿ, ಕಾದಂಬರಿಯಾಗಲಿ, ಹಂತಗಳ ಕ್ರಮ ಇದೇ.

## ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದ್ದು

4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಸ್ಕ್ಯಾನರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಳ್ಳೆಯ ಕ್ಯಾಮೆರಾ ಇರುವ ಫೋನು, ಅದನ್ನು ಅಲುಗಾಡದಂತೆ ಹಿಡಿಯುವ ಸ್ಟ್ಯಾಂಡ್. ಸಾಫ್ಟ್‌ವೇರ್‌ಗಳೆಲ್ಲ ಉಚಿತ: ಪಠ್ಯ ತಿದ್ದಲು ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಪುಟ ನೇರ ಮಾಡಲು ಸ್ಕ್ಯಾನ್ ಟೇಲರ್, ಓಸಿಆರ್‌ಗೆ ಟೆಸೆರಾಕ್ಟ್ ಅಥವಾ ಗೂಗಲ್ ಡ್ರೈವ್, ಪದ ಹುಡುಕಲು ಆಂಟ್‌ಕಾಂಕ್, ಪಟ್ಟಿಗೆ ಲಿಬ್ರೆ ಆಫೀಸ್ ಕ್ಯಾಲ್ಕ್, ನಕ್ಷೆಗೆ ಕ್ಯೂಜಿಐಎಸ್. ಎಲ್ಲವನ್ನೂ ಒಂದೇ ದಿನ ಹಾಕಿಕೊಳ್ಳಬೇಡಿ. ಆಯಾ ಹಂತ ಬಂದಾಗ ಹಾಕಿಕೊಂಡರೆ ಸಾಕು.

## ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

‘ಚಿತ್ರದುರ್ಗ ಜಿಲ್ಲೆಯ ಶಾಸನಗಳ ಡಿಜಿಟಲ್ ಅಧ್ಯಯನ’ ಎಂಬುದು ಪ್ರಶ್ನೆಯಲ್ಲ, ಶೀರ್ಷಿಕೆ. ‘ಕೆರೆ ಕಟ್ಟಿಸಿದ, ಕೆರೆಗೆ ಭೂಮಿ ಬಿಟ್ಟ ಶಾಸನಗಳು ಯಾವ ತಾಲೂಕಿನಲ್ಲಿ, ಯಾವ ಶತಮಾನದಲ್ಲಿ ಜಾಸ್ತಿ?’ ಎಂಬುದು ಪ್ರಶ್ನೆ. ಯಾವ ಪದಗಳನ್ನು ಹುಡುಕಬೇಕು (ಕೆರೆ, ತೂಬು, ಏರಿ, ಕೆರೆಗಾಗಿ ಬಿಟ್ಟ ಭೂಮಿಯನ್ನು ಹೇಳುವ ಬಿತ್ತುವಟ್ಟ, ಕಟ್ಟುಕೊಡಗಿ), ಪಟ್ಟಿಯಲ್ಲಿ ಯಾವ ಕಾಲಂ ಬೇಕು ಎಂಬುದನ್ನು ಆ ವಾಕ್ಯವೇ ಹೇಳಿಬಿಡುತ್ತದೆ.

ಎಚ್ಚರಿಕೆಯ ಗುರುತು: ನಿಮ್ಮ ಪ್ರಶ್ನೆಯೊಳಗೆ ಸಾಫ್ಟ್‌ವೇರ್‌ನ ಹೆಸರು ಬಂದಿದ್ದರೆ ಇನ್ನೊಮ್ಮೆ ಬರೆಯಿರಿ.

## ಹಂತ 2: ಪಠ್ಯ ಆರಿಸಿ, ಹಕ್ಕು ನೋಡಿಕೊಳ್ಳಿ

ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ರೈಸ್ 1927ರಲ್ಲಿ ತೀರಿಕೊಂಡರು. ಅವರ ಸಂಪುಟಕ್ಕೆ ಈಗ ಆ ತಡೆಯಿಲ್ಲ, ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಪ್ರತಿ ಸಿಗುತ್ತದೆ. ದುರ್ಗದ ಕಾದಂಬರಿಗಳ ಮೇಲೆ ಕೆಲಸ ಮಾಡುವವರು ಮಾತ್ರ ಹುಷಾರಾಗಿರಬೇಕು. ಅಂಥ ಕಾದಂಬರಿಗಳನ್ನು ಬರೆದ ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಅಂದರೆ 2044ರ ಕೊನೆವರೆಗೆ ಹಕ್ಕು ಇದೆ. ನಿಮ್ಮ ಸ್ವಂತ ಸಂಶೋಧನೆಗೆ ಓದಿ ಟಿಪ್ಪಣಿ ಮಾಡಿಕೊಳ್ಳುವುದು ಬೇರೆ, ಇಡೀ ಪಠ್ಯವನ್ನು ಎಲ್ಲರಿಗೂ ಸಿಗುವ ಹಾಗೆ ಹಾಕುವುದು ಬೇರೆ.

ಸಂಪುಟ ಆರಿಸುವಾಗ ಜಿಲ್ಲೆಯ ಗಡಿಯನ್ನೂ ನೋಡಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ರೈಸ್ ಕಾಲದಲ್ಲಿ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು, 11ನೇ ಸಂಪುಟದಲ್ಲಿವೆ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು, ಅವು 7ನೇ ಸಂಪುಟದಲ್ಲಿವೆ. ಹರಪನಹಳ್ಳಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿಯಲ್ಲಿತ್ತು, ಮೈಸೂರು ಸೀಮೆಯ ಈ ಸಂಪುಟಗಳಲ್ಲಿ ಅದನ್ನು ಹುಡುಕಬೇಡಿ. ‘ದಾವಣಗೆರೆ ಜಿಲ್ಲೆಯ ಶಾಸನಗಳು’ ಎಂದು ಹೆಸರಿಟ್ಟು ಒಂದೇ ಸಂಪುಟ ನೋಡಿದರೆ ಚನ್ನಗಿರಿ, ಹೊನ್ನಾಳಿ ಪೂರ್ತಿ ಬಿಟ್ಟುಹೋಗುತ್ತವೆ.

## ಹಂತ 3: ಸ್ಕ್ಯಾನ್ ಮತ್ತು ಫೈಲ್ ಹೆಸರು

300 ಡಿಪಿಐ (ಒಂದು ಇಂಚಿಗೆ ಅಷ್ಟು ಚುಕ್ಕಿ) ಸಾಕು. ಅಚ್ಚು ಸಣ್ಣದಿದ್ದರೆ 400. ಫೋನಿನಲ್ಲಿ ತೆಗೆಯುವಾಗ ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳದಂತೆ ನೋಡಿಕೊಳ್ಳಿ. ಬೈಂಡಿಂಗ್ ಹತ್ತಿರದ ನೆರಳು ಸಾಲಿನ ಮೊದಲ ಅಕ್ಷರಗಳನ್ನು ನುಂಗುತ್ತದೆ. ಆಮೇಲೆ ಸ್ಕ್ಯಾನ್ ಟೇಲರ್‌ನಲ್ಲಿ ಎರಡು ಪುಟ ಬೇರೆ ಮಾಡಿ, ಓರೆ ನೇರ ಮಾಡಿ.

ಫೈಲ್ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟೇ ಇರಲಿ. ಜಾಗ ಬಿಡಬೇಡಿ. ಪುಟ ಸಂಖ್ಯೆಯನ್ನು 0001, 0002 ಎಂದು ನಾಲ್ಕು ಅಂಕಿಯಲ್ಲಿ ಕೊಡಿ. ಬರೀ 1, 2 ಎಂದು ಕೊಟ್ಟರೆ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ 1ರ ಪಕ್ಕ 10 ಬಂದು ಕೂರುತ್ತದೆ.

## ಹಂತ 4: ಚಿತ್ರವನ್ನು ಅಕ್ಷರಕ್ಕೆ ಇಳಿಸಿ

ಇಲ್ಲಿ ದಾರಿ ಎರಡು. ನಿಮ್ಮ ಹತ್ತಿರ ಇರುವುದು ಪುಟದ ಚಿತ್ರವೋ, ಮೊದಲೇ ಟೈಪ್ ಮಾಡಿದ ಫೈಲೋ ಅನ್ನುವುದು ಗೊತ್ತಿರಬೇಕು.

ಚಿತ್ರವಿದ್ದರೆ: ಕೆಲವೇ ಪುಟಗಳಾದರೆ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಒಂದೊಂದು ಫೈಲೂ 2 ಎಂಬಿ ಒಳಗಿರಲಿ. ನೂರಾರು ಪುಟಗಳಿದ್ದರೆ ಟೆಸೆರಾಕ್ಟ್ ವಾಸಿ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಅದಕ್ಕೆ ಕನ್ನಡದ ಭಾಷಾ ಫೈಲನ್ನು ಬೇರೆಯಾಗಿ ಹಾಕಬೇಕು, ಪ್ರತಿ ಸಲ ಓಡಿಸುವಾಗಲೂ ‘ಕನ್ನಡ’ ಎಂದು ಹೇಳಬೇಕು. ಹೇಳದಿದ್ದರೆ ಅದು ಇಂಗ್ಲಿಷ್ ಎಂದುಕೊಂಡು ಓದುತ್ತದೆ. ಬಂದ ಪಠ್ಯದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ.

ರೈಸ್ ಸಂಪುಟದಲ್ಲಿ ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಲ್ಲಿವೆ. ಓಸಿಆರ್‌ಗೆ ಮೊದಲೇ ಆ ಪುಟಗಳನ್ನು ಮೂರು ಫೋಲ್ಡರ್‌ಗೆ ಹಂಚಿಬಿಡಿ. ಒಟ್ಟಿಗೆ ಹಾಕಿದರೆ ಒಂದೇ ಶಾಸನ ಮೂರು ಸಲ ಎಣಿಕೆಗೆ ಬರುತ್ತದೆ.

ಟೈಪ್ ಮಾಡಿದ ಫೈಲ್ ಇದ್ದರೆ: ನಮ್ಮಲ್ಲಿ ಹಳೆಯ ಪಿಎಚ್.ಡಿ. ಪ್ರಬಂಧ, ಸ್ಮರಣ ಸಂಚಿಕೆ, ವಿಭಾಗದ ಪುಸ್ತಕಗಳಲ್ಲಿ ಬಹಳಷ್ಟು ‘ನುಡಿ’ ಅಥವಾ ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿವೆ. ಪರದೆಯ ಮೇಲೆ ಅವು ಕನ್ನಡದ ಹಾಗೇ ಕಾಣುತ್ತವೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಪರೀಕ್ಷೆ ಸುಲಭ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ. ಕನ್ನಡವೇ ಕಂಡರೆ ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಸಂಕೇತ. ಅರ್ಥವಾಗದ ಅಕ್ಷರ ಬಂದರೆ ಹಳೆಯ ಫಾಂಟ್, ಅದನ್ನು ಯುನಿಕೋಡ್ ಪರಿವರ್ತಕದಲ್ಲಿ ಬದಲಿಸಬೇಕು.

ಬದಲಿಸುವಾಗ ಆಗುವ ದೊಡ್ಡ ಅನಾಹುತ ಇದು: ಫೈಲಿನ ನಡುವೆ ನಿಜವಾದ ಇಂಗ್ಲಿಷ್ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಎಂದು ತಿಳಿದು ಕೆಡಿಸುತ್ತದೆ. ಅಡಿಟಿಪ್ಪಣಿ, ಗ್ರಂಥಋಣಗಳೆಲ್ಲ ಹಾಳಾಗುತ್ತವೆ. ಇಂಗ್ಲಿಷ್ ಭಾಗಗಳನ್ನು ಮೊದಲೇ ಬೇರೆ ತೆಗೆದಿಡಿ. ಪಿಡಿಎಫ್ ಮಾತ್ರ ಇದ್ದು ಕಾಪಿ ಮಾಡಿದಾಗ ಒತ್ತಕ್ಷರಗಳು ಹಿಂದೆಮುಂದೆ ಆಗುತ್ತಿದ್ದರೆ ಅದರ ಜೊತೆ ಗುದ್ದಾಡಬೇಡಿ. ಅದನ್ನೂ ಚಿತ್ರವೆಂದೇ ತಿಳಿದು ಓಸಿಆರ್ ಮಾಡಿ.

ಪುಟದ ಫೋಟೋವನ್ನು ಎಐ ಚಾಟ್‌ಬಾಟ್‌ಗೆ ಕೊಟ್ಟು ‘ಬರೆದುಕೊಡು’ ಎನ್ನುವವರು ಈಗ ಹೆಚ್ಚಾಗಿದ್ದಾರೆ. ಬರುವ ಪಠ್ಯ ನೋಡಲು ಬಲು ಚೊಕ್ಕ. ಅಪಾಯ ಇರುವುದೂ ಅಲ್ಲೇ. ಓದಲಾಗದ ಕಡೆ ಅದು ಊಹಿಸಿ ತುಂಬಬಹುದು, ಹಳೆಯ ಕಾಗುಣಿತವನ್ನು ಈಗಿನದಕ್ಕೆ ತಿದ್ದಿಬಿಡಬಹುದು. ಸಾದಾ ಓಸಿಆರ್ ತಪ್ಪು ಮಾಡಿದರೆ ಕಣ್ಣಿಗೆ ಕಾಣುತ್ತದೆ. ಈ ತಪ್ಪು ಕಾಣುವುದಿಲ್ಲ. ಶಾಸನದಂಥ ಪಠ್ಯಕ್ಕೆ ಇದನ್ನು ಬಳಸಿದರೆ ಅಕ್ಷರ ಅಕ್ಷರವನ್ನೂ ಮೂಲದ ಜೊತೆ ಹೋಲಿಸಲೇಬೇಕು.

## ಹಂತ 5: ತಿದ್ದುವುದು

ಅರ್ಧಕ್ಕಿಂತ ಜಾಸ್ತಿ ಸಮಯ ಇಲ್ಲೇ ಹೋಗುತ್ತದೆ, ಹೋಗಬೇಕು ಕೂಡ. ಮೊದಲು ಫೈಲನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ (ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಇಡುವ ಬಗೆ) ಉಳಿಸಿ. ಬೇರೆ ಎನ್‌ಕೋಡಿಂಗ್‌ನಲ್ಲಿ ಉಳಿಸಿ ಮುಚ್ಚಿ ತೆರೆದರೆ ಕನ್ನಡದ ಜಾಗದಲ್ಲಿ ಸಾಲುಸಾಲು ಪ್ರಶ್ನೆ ಚಿಹ್ನೆ ಕಾಣಬಹುದು. ಆಮೇಲೆ ಅದನ್ನು ವಾಪಸ್ ತರಲು ಆಗುವುದಿಲ್ಲ.

ಮುಂದೆ ಎರಡು ಪ್ರತಿ ಮಾಡಿ. ಒಂದು ಮೂಲಪ್ರತಿ. ಮುದ್ರಣದಲ್ಲಿ ಏನಿದೆಯೋ ಅದೇ ಇರಬೇಕು: ಸಾಲಿನ ಸಂಖ್ಯೆ, ಅಳಿಸಿಹೋದ ಅಕ್ಷರಕ್ಕೆ ಹಾಕಿದ ಚುಕ್ಕಿ, ಸಂಪಾದಕರು ಹಾಕಿದ ಆವರಣ, ಎಲ್ಲ. ಇನ್ನೊಂದು ಹುಡುಕು ಪ್ರತಿ. ಅದರಲ್ಲಿ ಹುಡುಕಾಟಕ್ಕೆ ಅಡ್ಡ ಬರುವುದನ್ನೆಲ್ಲ ತೆಗೆಯಬಹುದು. ಒಂದೇ ಪ್ರತಿಯಲ್ಲಿ ಎರಡೂ ಕೆಲಸ ಮಾಡಲು ಹೋದರೆ, ಯಾವ ಅಕ್ಷರ ಕಲ್ಲಿನ ಮೇಲಿತ್ತು, ಯಾವುದು ನಾವು ಹಾಕಿದ್ದು ಅನ್ನುವುದೇ ತಿಳಿಯದೆ ಹೋಗುತ್ತದೆ.

ತಿದ್ದುವಾಗ ಈ ಕ್ರಮ ಇಟ್ಟುಕೊಳ್ಳಿ.

1. ಸೊನ್ನೆ ಮತ್ತು ಅನುಸ್ವಾರ. ಕನ್ನಡದ ಸೊನ್ನೆ ‘೦’, ಅನುಸ್ವಾರ ‘ಂ’. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಓಸಿಆರ್ ಇವನ್ನು ಅದಲುಬದಲು ಮಾಡುತ್ತದೆ, ಟೈಪ್ ಮಾಡುವವರೂ ಮಾಡುತ್ತಾರೆ. ‘ಸಂವತ್ಸರ’ ಹುಡುಕಿದಾಗ ಅರ್ಧ ಸಿಗದೇ ಹೋಗುವುದು ಇದರಿಂದಲೇ. ಅಕ್ಷರ ಆದ ಕೂಡಲೇ ಸೊನ್ನೆ ಬಂದಿದ್ದರೆ ಅನುಸ್ವಾರಕ್ಕೆ ಬದಲಿಸಿ. ಅಂಕಿ ಆದ ಮೇಲೆ ಬಂದಿದ್ದರೆ ಮುಟ್ಟಬೇಡಿ, ಅದು ನಿಜವಾದ ಸೊನ್ನೆ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಿದರೆ ಇಸವಿಗಳು ಕೆಡುತ್ತವೆ.

2. ದೀರ್ಘದ ಗುರುತು. ‘ಕೀ’, ‘ಕೇ’, ‘ಕೋ’ ಇವುಗಳನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ದೀರ್ಘಸ್ವರದ ಒಂದೇ ಚಿಹ್ನೆಯಿಂದ, ಅಥವಾ ಹ್ರಸ್ವದ ಚಿಹ್ನೆಗೆ ದೀರ್ಘದ ಗುರುತನ್ನು ಬೇರೆಯಾಗಿ ಸೇರಿಸಿ. ಕಾಣುವುದು ಒಂದೇ ಥರ, ಹುಡುಕಿದರೆ ಮಾತ್ರ ಕೂಡುವುದಿಲ್ಲ. ಇದನ್ನು ಒಂದೇ ಬಗೆಗೆ ತರಲು ಎನ್‌ಎಫ್‌ಸಿ ಎಂಬ ನಾರ್ಮಲೈಸೇಶನ್ ಇದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೆರಡು ಸಾಲಿನ ಕೆಲಸ. ನಿಮಗೆ ಬಾರದಿದ್ದರೆ ನಿಮ್ಮ ಕಾಲೇಜಿನ ಬಿಸಿಎ ವಿದ್ಯಾರ್ಥಿಯನ್ನು ಕೇಳಿ, ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

3. ಕಾಣದ ಅಕ್ಷರಗಳು. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತು ಬೀಳದಂತೆ ತಡೆಯುವ, ‘ರ‍್ಯಾಂಕ್’ ಎಂಬಲ್ಲಿ ರಕಾರವನ್ನು ಪೂರ್ತಿ ತೋರಿಸುವ ಕಾಣದ ಗುರುತುಗಳಿವೆ. ಮೂಲಪ್ರತಿಯಲ್ಲಿ ಇರಲಿ. ಹುಡುಕು ಪ್ರತಿಯಲ್ಲಿ ಎಲ್ಲ ಕಡೆ ತೆಗೆಯಿರಿ, ಇಲ್ಲವೇ ಎಲ್ಲ ಕಡೆ ಇಡಿ. ಅರ್ಧಂಬರ್ಧ ಇದ್ದರೆ ಒಂದೇ ಪದ ಎರಡಾಗಿ ಎಣಿಕೆಯಾಗುತ್ತದೆ.

4. ಹಳಗನ್ನಡದ ಱ, ೞ. ಓಸಿಆರ್ ಇವೆರಡರಲ್ಲಿ ಎಡವುವುದು ಜಾಸ್ತಿ. ಕಣ್ಣಿನಿಂದಲೇ ತಿದ್ದಬೇಕು. ನಮ್ಮ ಪ್ರಶ್ನೆಗಂತೂ ಇದು ಜೀವಾಳ. ಹಳೆಯ ಶಾಸನದಲ್ಲಿ ಇರುವುದು ‘ಕೆಱೆ’. ಬರೀ ‘ಕೆರೆ’ ಹುಡುಕಿ ‘ಆ ಕಾಲದಲ್ಲಿ ಇಲ್ಲಿ ಕೆರೆಗಳೇ ಇರಲಿಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಡಬಹುದು!

5. ಸಾಲಿನ ಕೊನೆಯಲ್ಲಿ ಮುರಿದ ಪದ. ಶಾಸನ ಕೆತ್ತಿದವರಿಗೆ ಕಲ್ಲಿನ ಅಗಲವೇ ಲೆಕ್ಕ. ‘ಬಿತ್ತು’ ಒಂದು ಸಾಲಿನಲ್ಲಿ, ‘ವಟ್ಟ’ ಮುಂದಿನ ಸಾಲಿನಲ್ಲಿ ಇರಬಹುದು. ಹುಡುಕು ಪ್ರತಿಯಲ್ಲಿ ಇವನ್ನು ಕೂಡಿಸಿ. ಇದನ್ನು ಯಂತ್ರಕ್ಕೆ ಬಿಡಬೇಡಿ, ಹಳಗನ್ನಡ ಬಲ್ಲವರೇ ಮಾಡಬೇಕು. ಕನ್ನಡ ಎಂ.ಎ. ವಿದ್ಯಾರ್ಥಿಗಳ ಕಲಿಕೆ ನಿಜವಾಗಿ ಕೆಲಸಕ್ಕೆ ಬರುವುದು ಈ ಕಡೆ.

ಎಷ್ಟು ತಿದ್ದಿದರೆ ಸಾಕು? ಎಲ್ಲೆಲ್ಲಿಂದಲೋ ಐದು ಪುಟ ಎತ್ತಿಕೊಂಡು ಮೂಲದ ಜೊತೆ ಹೋಲಿಸಿ, ತಪ್ಪಾದ ಪದಗಳನ್ನು ಎಣಿಸಿ. 250 ಪದಗಳ ಪುಟದಲ್ಲಿ 25 ತಪ್ಪಿದ್ದರೆ ಅದು ನೂರಕ್ಕೆ 10. ಅಂಥ ಪಠ್ಯ ‘ಎಲ್ಲಿದೆ’ ಎಂದು ಹುಡುಕಲು ನಡೆಯುತ್ತದೆ, ‘ಎಷ್ಟಿದೆ’ ಎಂದು ಎಣಿಸಲು ನಡೆಯುವುದಿಲ್ಲ. ನೂರಕ್ಕೆ ಎರಡಕ್ಕಿಂತ ಕೆಳಗೆ ಬರುವವರೆಗೂ ಎಣಿಕೆಗೆ ಹೋಗಬೇಡಿ ಎಂಬುದು ನನ್ನ ಸಲಹೆ. ಬಂದ ಸಂಖ್ಯೆಯನ್ನು ಪ್ರಬಂಧದಲ್ಲಿ ಮುಚ್ಚಿಡದೆ ಬರೆಯಿರಿ.

## ಹಂತ 6: ಪದ ಹುಡುಕಿ, ಎಣಿಸಿ

ಆಂಟ್‌ಕಾಂಕ್ ತೆರೆದ ಕೂಡಲೇ ಫೈಲ್ ಹಾಕಬೇಡಿ. ಮೊದಲು ‘ಟೋಕನ್ ಡೆಫಿನಿಶನ್’ ನೋಡಿ. ಯಾವುದನ್ನು ಪದದ ಭಾಗವೆಂದು ತಿಳಿಯಬೇಕು ಎಂದು ಅಲ್ಲಿ ಹೇಳಬೇಕು. ಯುನಿಕೋಡ್ ಪ್ರಕಾರ ಕ, ಗ, ದ ಇವು ‘ಅಕ್ಷರ’. ಆದರೆ ಗುಣಿತದ ಚಿಹ್ನೆ, ಒತ್ತು ಬರಿಸುವ ಅರ್ಧಾಕ್ಷರದ ಚಿಹ್ನೆ ‘ಮಾರ್ಕ್’. ಮಾರ್ಕ್ ಸೇರಿಸದೆ ಅಕ್ಷರ ಮಾತ್ರ ಆರಿಸಿದರೆ ‘ದುರ್ಗದಲ್ಲಿ’ ಎಂಬ ಒಂದು ಪದ ‘ದ’, ‘ರ’, ‘ಗದಲ’, ‘ಲ’ ಎಂದು ನಾಲ್ಕು ಚೂರಾಗುತ್ತದೆ. ಶುರುವಿನಲ್ಲಿ ಹೇಳಿದ ತಲೆಬುಡವಿಲ್ಲದ ಪಟ್ಟಿ ಎಷ್ಟೋ ಸಲ ಹೀಗೇ ಹುಟ್ಟುವುದು. ಪದಪಟ್ಟಿಯ ತುದಿಯಲ್ಲಿ ಒಂಟಿ ವ್ಯಂಜನಗಳು ಸಾಲಾಗಿ ನಿಂತಿದ್ದರೆ ಅಲ್ಲೇ ನಿಲ್ಲಿಸಿ, ಮಾರ್ಕ್ ಸೇರಿಸಿ, ಮತ್ತೆ ಶುರು ಮಾಡಿ.

ಪೈಥಾನ್ ಬಳಸುವವರಿಗೂ ಇದೇ ಗುಂಡಿ ಕಾದಿದೆ. ಅದರ ಜೊತೆಗೇ ಬರುವ ‘ಪದದ ಅಕ್ಷರ’ ಎಂಬ ನಿಯಮ ಕನ್ನಡದ ಮಾರ್ಕ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ವ್ಯಾಪ್ತಿ 0ಸಿ80ರಿಂದ 0ಸಿಎಫ್‌ಎಫ್. ಆ ವ್ಯಾಪ್ತಿಯನ್ನೇ ನೇರವಾಗಿ ಕೊಡಿ.

ಇನ್ನು ಪ್ರತ್ಯಯ. ಇಂಗ್ಲಿಷ್ ಪಠ್ಯಕ್ಕೆ ಮಾಡಿದ ಪಾಠವನ್ನು ನೋಡಿಕೊಂಡು ಒಂದೇ ರೂಪ ಹುಡುಕಿದರೆ ಕನ್ನಡದಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಕೆರೆಗೆ, ಕೆರೆಯ, ಕೆರೆಯಲ್ಲಿ, ಕೆರೆಯನ್ನು ಎಲ್ಲ ಬೇಕಲ್ವಾ? ‘ಕೆರೆ’ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ, ಆಮೇಲೆ ಏನು ಬಂದರೂ ಸರಿ ಎಂದು ಅದರರ್ಥ. ‘ಊರು’ ಥರದ ಪದದಲ್ಲಿ ಕೊನೆಯ ಉಕಾರ ಬಿದ್ದುಹೋಗುತ್ತದೆ, ಅದಕ್ಕೆ ‘ಊರ’ ಎಂಬುದರ ಕೊನೆಗೂ ನಕ್ಷತ್ರ ಹಾಕಿ ಇನ್ನೊಮ್ಮೆ ಹುಡುಕಬೇಕು. ಊರ ಹೆಸರುಗಳಲ್ಲಿ ಸಂಧಿಯದು ಮತ್ತೊಂದು ತೊಡಕು. ಚಳ್ಳಕೆರೆ, ಹೊಳಲ್ಕೆರೆಯಲ್ಲಿ ‘ಕೆರೆ’ ಹಾಗೇ ಉಳಿದಿದೆ, ದಾವಣಗೆರೆಯಲ್ಲಿ ‘ಗೆರೆ’ ಆಗಿದೆ. ಹಾಗಾಗಿ ಕೆರೆ, ಕೆಱೆ, ಗೆರೆ, ಗೆಱೆ ನಾಲ್ಕನ್ನೂ ಹುಡುಕಬೇಕು.

ಹೀಗೆ ಬಲೆ ಅಗಲ ಮಾಡಿದಾಗ ಬೇಡದ್ದೂ ಬೀಳುತ್ತದೆ. ‘ಕೆರ’ ಎಂದಷ್ಟೇ ಹುಡುಕಿದರೆ ‘ಕೆರಳಿ’ಯೂ ಬರುತ್ತದೆ. ಸಿಕ್ಕ ಸಾಲುಗಳನ್ನು ಅಕ್ಕಪಕ್ಕದ ಪದಗಳ ಜೊತೆ ತೋರಿಸುವ ಕಿಟಕಿಯಲ್ಲಿ ಒಂದೊಂದಾಗಿ ಓದಿ, ಬೇಡದ್ದನ್ನು ತೆಗೆಯಿರಿ. ಇದನ್ನು ಬಿಟ್ಟು ಸಂಖ್ಯೆಗೆ ಹಾರುವವರೇ ಜಾಸ್ತಿ. ಓದದೆ ಬಂದ ಸಂಖ್ಯೆಯನ್ನು ದಯವಿಟ್ಟು ಪ್ರಬಂಧದಲ್ಲಿ ಹಾಕಬೇಡಿ.

ಇನ್ನೊಂದು ಮಾತು. ಹರಿಹರದಲ್ಲಿ ಹರಿಹರೇಶ್ವರ ದೇವಸ್ಥಾನದಿಂದಾಗಿ ಶಾಸನಗಳು ಬಹಳ. ಪದ ಎಷ್ಟು ಸಲ ಬಂದಿದೆ ಎಂಬುದನ್ನೇ ಹಿಡಿದರೆ ಏನು ಹುಡುಕಿದರೂ ಹರಿಹರವೇ ಮುಂದೆ ನಿಲ್ಲುತ್ತದೆ. ಇಷ್ಟು ಶಾಸನಗಳಲ್ಲಿ ಇಷ್ಟರಲ್ಲಿ ಕೆರೆಯ ಮಾತಿದೆ ಎಂದು ಲೆಕ್ಕ ಹಾಕಿ.

## ಹಂತ 7: ಪಟ್ಟಿ, ಆಮೇಲೆ ನಕ್ಷೆ

ಒಂದು ಶಾಸನಕ್ಕೆ ಒಂದೇ ಸಾಲು. ಕಾಲಂಗಳು: ಸಂಪುಟ, ತಾಲೂಕು, ಶಾಸನ ಸಂಖ್ಯೆ, ಊರು, ಆಗಿನ ಜಿಲ್ಲೆ, ಈಗಿನ ಜಿಲ್ಲೆ, ಶಾಸನದಲ್ಲಿರುವ ಶಕ ವರ್ಷ, ಕ್ರಿ.ಶ., ಸಿಕ್ಕ ಪದ, ಟಿಪ್ಪಣಿ. ರೈಸ್ ಪ್ರತಿ ತಾಲೂಕಿಗೂ 1ರಿಂದ ಎಣಿಸಿದ್ದಾರೆ. ಬರೀ ‘25’ ಎಂದು ಬರೆದರೆ ಯಾವ ಊರಿನದೋ ತಿಳಿಯುವುದಿಲ್ಲ, ‘ದಾವಣಗೆರೆ 25’ ಎಂದೇ ಬರೆಯಬೇಕು.

ಶಕ ವರ್ಷಕ್ಕೆ ಸಾಮಾನ್ಯವಾಗಿ 78 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ, ಶಕ 1146 ಎಂದರೆ 1224. ಯುಗಾದಿಗೆ ಮುಂಚಿನ ಕೊನೆಯ ತಿಂಗಳುಗಳಾದರೆ 79 ಕೂಡಿಸಬೇಕು. ಹಾಗಾಗಿ ಮೂಲದ ಶಕ ವರ್ಷ, ಮಾಸಗಳನ್ನು ಅಳಿಸಬೇಡಿ. ಇಸವಿಯನ್ನು ಬರೀ ಸಂಖ್ಯೆಯಾಗಿ ಬರೆಯಿರಿ. ಎಕ್ಸೆಲ್ 1900ಕ್ಕೆ ಹಿಂದಿನದನ್ನು ತಾರೀಕು ಎಂದು ಗುರುತಿಸುವುದಿಲ್ಲ, ‘3-4’ ಎಂದು ಬರೆದ ಶಾಸನ ಸಂಖ್ಯೆಯನ್ನು ಮಾತ್ರ ಸುಮ್ನೆ ತಾರೀಕು ಮಾಡಿಬಿಡುತ್ತದೆ. ಪಟ್ಟಿಯನ್ನು ಸಾದಾ ಪಠ್ಯವಾಗಿ ಇಡುವ ಸಿಎಸ್‌ವಿ ಫೈಲನ್ನು ಎರಡು ಸಲ ಒತ್ತಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಕೆಟ್ಟು ಕಾಣಬಹುದು. ಹಾಗೆ ಕಂಡರೆ ಉಳಿಸದೆ ಮುಚ್ಚಿ. ಲಿಬ್ರೆ ಆಫೀಸ್‌ನಲ್ಲಿ ತೆರೆದು, ಅದು ಕೇಳಿದಾಗ ಯುಟಿಎಫ್-8 ಆರಿಸಿ.

ನಕ್ಷೆಗೆ ಅಕ್ಷಾಂಶ, ರೇಖಾಂಶದ ಎರಡು ಕಾಲಂ ಬೇಕು. ದಾವಣಗೆರೆ ಸುಮಾರು 14.46, 75.92. ಚಿತ್ರದುರ್ಗ 14.23, 76.40. ಕ್ಯೂಜಿಐಎಸ್‌ನಲ್ಲಿ ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಅದಲುಬದಲಾದರೆ ನಮ್ಮ ಊರುಗಳೆಲ್ಲ ನಾರ್ವೆಗೂ ಉತ್ತರದ ಹಿಮಸಮುದ್ರದಲ್ಲಿ ಕಾಣುತ್ತವೆ. ನಕ್ಷೆ ಖಾಲಿ ಕಂಡರೆ ಮೊದಲು ಅಲ್ಲಿ ಹುಡುಕಿ. ನಿರ್ದೇಶಾಂಕ ಪದ್ಧತಿ ಇಪಿಎಸ್‌ಜಿ 4326 (ಅಕ್ಷಾಂಶ, ರೇಖಾಂಶವನ್ನು ಡಿಗ್ರಿಯಲ್ಲಿ ಹೇಳುವ ಪದ್ಧತಿ) ಇರಲಿ.

ಇದನ್ನು ಒತ್ತಿ ಹೇಳುತ್ತೇನೆ: ಊರಾಚೆ ಒಂಟಿಯಾಗಿ ನಿಂತ ವೀರಗಲ್ಲು, ಶಾಸನಗಳ ಕರಾರುವಾಕ್ ಜಾಗವನ್ನು ಎಲ್ಲರೂ ನೋಡುವ ನಕ್ಷೆಯಲ್ಲಿ ಹಾಕಬೇಡಿ. ನಿಧಿಗಳ್ಳರ ಕಾಟ ನಮ್ಮ ಕಡೆ ಎಷ್ಟಿದೆ ಎಂದು ನಿಮಗೇ ಗೊತ್ತು. ಹೊರಗೆ ಕೊಡುವ ಪಟ್ಟಿಯಲ್ಲಿ ಊರಿನ ನಡುಬಿಂದು ಇರಲಿ. ನಿಖರ ಜಾಗ ವಿಭಾಗದೊಳಗಿನ ಪ್ರತಿಯಲ್ಲಿ ಮಾತ್ರ ಇರಲಿ.

## ಹಂತ 8: ತರಗತಿಗೆ ತನ್ನಿ

ಇಡೀ ಸಂಪುಟವನ್ನು ವಿದ್ಯಾರ್ಥಿಗಳ ತಲೆಗೆ ಕಟ್ಟಬೇಡಿ. ಇಬ್ಬರಿಗೆ ಒಂದು ಶಾಸನ ಸಾಕು. ಇಬ್ಬರೂ ಬೇರೆ ಬೇರೆ ಕೂತು ಅದೇ ಪುಟ ತಿದ್ದಲಿ, ಆಮೇಲೆ ಎರಡನ್ನೂ ಹೋಲಿಸಲಿ. ವ್ಯತ್ಯಾಸ ಬಂದ ಕಡೆ ‘ಯಾಕೆ ಹೀಗೆ ಓದಿದೆ?’ ಎಂದು ಒಬ್ಬರಿಗೊಬ್ಬರು ಕೇಳಿಕೊಳ್ಳಲಿ. ಶಾಸನ ಪಾಠದಲ್ಲಿ ಮಕ್ಕಳು ಬಾಯಿಬಿಟ್ಟು ಮಾತಾಡುವುದು ಆಗಲೇ. ಅಂಕವನ್ನು ಬಣ್ಣದ ನಕ್ಷೆಗೆ ಕೊಡುವ ಬದಲು ತಿದ್ದುಪಡಿಯ ದಾಖಲೆಗೆ ಕೊಡಿ: ಏನು ಇತ್ತು, ಏನು ಮಾಡಿದೆ, ಯಾಕೆ.

ಪ್ರಯೋಗಾಲಯದಲ್ಲಿ ಇಂಟರ್ನೆಟ್ ಯಾವಾಗ ಹೋಗುತ್ತದೋ ಹೇಳಲಾಗದು. ಆಂಟ್‌ಕಾಂಕ್, ಪಠ್ಯದ ಫೈಲ್‌ಗಳನ್ನು ಹಿಂದಿನ ದಿನವೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ತಿದ್ದುವ ಕೆಲಸಕ್ಕೆ ಕನ್ನಡ ವಿಕಿಸೋರ್ಸ್ ಕೂಡ ಒಳ್ಳೆಯ ಜಾಗ. ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಪಠ್ಯ ಇರುತ್ತದೆ. ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದ ಪುಟ ಹಸಿರು. ಹಕ್ಕಿನ ತಡೆಯಿಲ್ಲದ ಪುಸ್ತಕ ಮಾತ್ರ ಅಲ್ಲಿಗೆ ಹೋಗಬೇಕು.

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹಾಡು, ಕಾವ್ಯ ರೆಕಾರ್ಡ್ ಮಾಡಿಸುವವರಿಗೆ ಒಂದು ಮಾತು. ಹಾಡುವವರ ಒಪ್ಪಿಗೆಯನ್ನು ರೆಕಾರ್ಡಿಂಗ್‌ನ ಮೊದಲಲ್ಲೇ ಅವರ ದನಿಯಲ್ಲಿ ತೆಗೆದುಕೊಳ್ಳಿ. ಇಂಟರ್ನೆಟ್‌ಗೆ ಹಾಕಬಹುದೇ ಎಂದು ಬೇರೆಯಾಗಿ ಕೇಳಿ.

## ಹಂತ 9: ಉಳಿಸಿ, ಹಂಚಿ

ಮೂರು ಪ್ರತಿ ಇರಲಿ: ಲ್ಯಾಪ್‌ಟಾಪ್‌ನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು. ವಿಭಾಗದ ಒಂದೇ ಕಂಪ್ಯೂಟರ್‌ನಲ್ಲಿ ಇಟ್ಟ ಕೆಲಸ, ಆ ಮೇಷ್ಟ್ರು ವರ್ಗವಾದ ದಿನವೇ ಕಳೆದುಹೋಗುತ್ತದೆ.

ಕೆಲಸ ಮುಗಿದ ಮೇಲೆ ಪಠ್ಯ ಮತ್ತು ಪಟ್ಟಿಯನ್ನು ಸಂಶೋಧನೆಯ ಫೈಲುಗಳನ್ನು ಉಳಿಸುವ ಝೆನೋಡೋ ಜಾಲತಾಣಕ್ಕೆ ಹಾಕಬಹುದು. ಉಚಿತ, ಬದಲಾಗದ ಡಿಒಐ ಸಂಖ್ಯೆ ಸಿಗುತ್ತದೆ, ಲೇಖನದಲ್ಲಿ ಅದನ್ನೇ ಉಲ್ಲೇಖಿಸಬಹುದು. ಜೊತೆಗೆ ಒಂದು ಪುಟದ ವಿವರ ಬರೆದು ಹಾಕಿ: ಯಾವ ಮುದ್ರಣದಿಂದ ತೆಗೆದದ್ದು, ಯಾವ ಓಸಿಆರ್, ಐದು ಪುಟದ ಪರೀಕ್ಷೆಯಲ್ಲಿ ಎಷ್ಟು ತಪ್ಪು ಉಳಿದಿತ್ತು, ಹುಡುಕು ಪ್ರತಿಯಲ್ಲಿ ಏನೇನು ಬದಲಿಸಿದ್ದೀರಿ, ಊರಿನ ಜಾಗ ನಿಖರವೋ ಅಂದಾಜೋ. ತಿದ್ದಿದ ವಿದ್ಯಾರ್ಥಿಗಳನ್ನು ಕೇಳಿ, ಒಪ್ಪಿದವರ ಹೆಸರನ್ನು ಅದರಲ್ಲಿ ಸೇರಿಸಿ. ಮುಂದೆ ತಪ್ಪು ಕಂಡರೆ ಹಳೆಯ ಫೈಲ್ ಅಳಿಸದೆ ಹೊಸ ಆವೃತ್ತಿಯಾಗಿ ಹಾಕಿ, ಏನು ಬದಲಾಯಿತು ಎಂದು ಅದೇ ಪುಟದಲ್ಲಿ ಬರೆಯಿರಿ.